ಬಾನೆಟ್ ಮುಚ್ಚೋ ಮೊದಲು ಲಾಕ್‌ಗೆ ಒಂದು ಸ್ಕ್ರೂಡ್ರೈವರ್ ಹಾಕಿ ನೋಡಿ

ಗ್ಯಾರೇಜ್ ಕೆಲಸಕ್ಕೆ ಸೇರಿ ಮೂರನೇ ವರ್ಷ ಅದು. ಬೆಳಗ್ಗೆ ಶಟರ್ ಎತ್ತಿ ಇನ್ನೂ ಟೂಲ್ಸ್ ಹೊರಗೆ ಇಟ್ಟಿರಲಿಲ್ಲ, ಒಂದು ಹಳೇ ಹ್ಯಾಚ್‌ಬ್ಯಾಕ್ ಬಂದು ನಿಂತ್ಕೊಳ್ತು. ಗಾಡಿಗೆ ಹತ್ತೊಂಬತ್ತು ವರ್ಷ ಆಗಿತ್ತು, ಆದ್ರೂ ಚೆನ್ನಾಗಿ ಇಟ್ಕೊಂಡಿದ್ರು. ಓಡಿಸ್ಕೊಂಡು ಬಂದವರು ರಿಟೈರ್ ಆದ ಮೇಷ್ಟ್ರು. "ಬಾನೆಟ್ ತೆಗೆಯೋಕೆ ಆಗ್ತಿಲ್ಲಪ್ಪ, ಲಿವರ್ ಎಳೆದ್ರೆ ಸುಮ್ನೆ ಬರುತ್ತೆ, ಅದರ ಜೊತೆಗೆ ಮೂರು ದಿನದಿಂದ ಟೆಂಪರೇಚರ್ ಮುಳ್ಳು ಸ್ವಲ್ಪ ಮೇಲೆ ಹೋಗ್ತಿದೆ, ನೀರು ಇದೆಯೋ ಇಲ್ವೋ ನೋಡೋಕೂ ಆಗ್ತಿಲ್ಲ" ಅಂದ್ರು. ಡ್ಯಾಶ್‌ಬೋರ್ಡ್ ಕೆಳಗಿನ ಲಿವರ್‌ನಿಂದ ಮುಂದಿನ ಬಾನೆಟ್ ಲಾಕ್ ತನಕ ಹೋಗೋದೇ ಬಾನೆಟ್ ಕೇಬಲ್. ಅದರ ಕಂಪ್ಲೇಂಟ್ ಬಂದ್ರೆ ತುಂಬಾ ಜನ ಅದನ್ನ ಚಿಲ್ಲರೆ ಕೆಲಸ ಅಂತ ಮುಂದಕ್ಕೆ ಹಾಕ್ತಾರೆ, ಆದ್ರೆ ಬಾನೆಟ್ ತೆಗೆಯೋಕೆ ಆಗ್ಲಿಲ್ಲ ಅಂದ್ರೆ ಆ ಗಾಡಿಯಲ್ಲಿ ಆಯಿಲ್, ಕೂಲೆಂಟ್, ಬ್ಯಾಟರಿ, ಬೆಲ್ಟ್ ಯಾವುದನ್ನೂ ನೋಡೋಕಾಗಲ್ಲ, ಒಳಗೆ ಏನಾದ್ರೂ ಹೊಗೆ ಬಂದ್ರೆ ಆರಿಸೋಕೂ ದಾರಿ ಇಲ್ಲ. ಇದು ಚಿಕ್ಕ ವಿಷಯ ಅಲ್ಲ ಅನ್ನೋದು ನನಗೆ ಆವತ್ತು ಸಂಜೆ ಹೊತ್ತಿಗೆ ಸರಿಯಾಗಿ ಅರ್ಥ ಆಯ್ತು.

ನಾನು ಮಾಡಿದ ಮೊದಲ ತಪ್ಪು ಅಲ್ಲೇ. ಡ್ರೈವರ್ ಸೀಟಲ್ಲಿ ಕೂತು ಲಿವರ್ ಹಿಡಿದು ಜೋರಾಗಿ ಎಳೆದೆ. ಒಳಗೆ "ಕರಕ್" ಅಂತ ಏನೋ ಹರಿದ ಹಾಗೆ ಆಯ್ತು, ಆಮೇಲೆ ಲಿವರ್ ಪೂರ್ತಿ ಜೋತು ಬಿತ್ತು. ಕೇಬಲ್ ಒಳಗಿನ ವೈರ್ ಒಂದೇ ಗಟ್ಟಿ ತಂತಿ ಅಲ್ಲ, ಹಲವಾರು ಸಣ್ಣ ಎಳೆ ಹೊಸೆದು ಮಾಡಿದ್ದು. ಅದು ಒಂದೇ ಸಲ ಕಡಿಯೋದು ಕಡಿಮೆ, ಒಂದೊಂದೇ ಎಳೆ ತಿಂಗಳುಗಟ್ಟಲೆ ಹರೀತಾ ಬಂದಿರುತ್ತೆ. ಉಳಿದಿದ್ದ ಕೊನೆ ಎರಡ್ಮೂರು ಎಳೆಗಳನ್ನ ನಾನು ನನ್ನ ಕೈಯಾರೆ ಹರಿದಿದ್ದೆ. ಎಳೆಯೋಕೆ ಮುಂಚೆ ಒಬ್ಬರನ್ನ ಬಾನೆಟ್ ಮುಂದೆ ನಿಲ್ಲಿಸಿ ಒತ್ತಿ ಹಿಡಿಯೋಕೆ ಹೇಳಿದ್ದಿದ್ರೆ ಆ ಮೂರು ಎಳೆಯಲ್ಲೇ ತೆಗೆದುಬಿಡಬಹುದಿತ್ತು.

ಅದಕ್ಕೇ ಈಗ ಇಂಥ ಗಾಡಿ ಬಂದ್ರೆ ಮೊದಲು ಲಿವರ್‌ನ ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ಅದು ಹೇಗೆ ಬರುತ್ತೆ ಅಂತ ನೋಡ್ತೀನಿ, ಯಾಕಂದ್ರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಲಿವರ್ ಒಂಚೂರೂ ಬಿಗಿ ಇಲ್ಲದೆ ಸಡಿಲವಾಗಿ ಬಂದು ಹಾಗೇ ಜೋತು ಬಿದ್ರೆ ಒಂದೋ ಇನ್ನರ್ ವೈರ್ ಕಡಿದಿದೆ, ಇಲ್ಲ ವೈರ್ ತುದಿಯ ಗುಂಡು ಲಿವರ್ ಕೊಕ್ಕೆಯಿಂದ ಜಾರಿದೆ, ಇಲ್ಲ ಪ್ಲಾಸ್ಟಿಕ್ ಲಿವರ್ರೇ ಒಳಗಡೆ ಮುರಿದಿದೆ. ಹಳೇ ಗಾಡಿಗಳಲ್ಲಿ ಪ್ಲಾಸ್ಟಿಕ್ ಒಣಗಿ ಬಿರುಕು ಬಿಟ್ಟಿರೋದು ತುಂಬಾ ಮಾಮೂಲಿ, ಆದ್ರಿಂದ ಬಂಪರ್ ಬಿಚ್ಚೋಕೆ ಮುಂಚೆ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಒಂದ್ಸಲ ಮಲಗಿ ನೋಡಿ. ಲಿವರ್ ಕಲ್ಲಿನ ಹಾಗೆ ಗಟ್ಟಿಯಾಗಿದ್ರೆ ಕೇಬಲ್ ಕಡಿದಿಲ್ಲ ಅಂತ ಅರ್ಥ, ಲಾಕ್ ಜಾಮ್ ಆಗಿದೆ ಇಲ್ಲ ಕೇಬಲ್ ಒಳಗೆ ತುಕ್ಕು ಹಿಡಿದಿದೆ, ಅಂಥ ಕಡೆ ಬಲ ಹಾಕಿದ್ರೆ ಇರೋ ಒಂದೇ ದಾರಿಯನ್ನೂ ಕಳ್ಕೊಳ್ತೀರಿ. ಇನ್ನು ಲಿವರ್ ಪೂರ್ತಿ ಬರುತ್ತೆ, ಸ್ವಲ್ಪ ಬಿಗಿನೂ ಇದೆ, ಆದ್ರೆ ಮುಂದೆ "ಟಕ್" ಅಂತ ಸದ್ದು ಬರಲ್ಲ ಅಂದ್ರೆ ಕೇಬಲ್ ಹೊರಗಿನ ಕೊಳವೆ (ಔಟರ್) ತನ್ನ ಜಾಗದಿಂದ ಜಾರಿರೋ ಸಾಧ್ಯತೆ ಜಾಸ್ತಿ. ಈ ಕೊನೇದನ್ನ ಗುರುತಿಸೋದು ಕಷ್ಟ, ನನ್ನ ಎರಡನೇ ತಪ್ಪಿಗೂ ಇದೇ ಕಾರಣ, ಅದಕ್ಕೆ ಆಮೇಲೆ ಬರ್ತೀನಿ.

ಔಟರ್ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು. ಸೈಕಲ್ ಬ್ರೇಕಲ್ಲೂ, ಬೈಕಿನ ಕ್ಲಚ್ಚಲ್ಲೂ, ಬಾನೆಟ್ಟಲ್ಲೂ ಇರೋದು ಒಂದೇ ತರಹದ ಕೇಬಲ್, ಬೌಡನ್ ಕೇಬಲ್ ಅಂತಾರೆ, 1896ರಲ್ಲಿ ಅರ್ನೆಸ್ಟ್ ಬೌಡನ್ ಬ್ರಿಟನ್ನಲ್ಲಿ ಪೇಟೆಂಟ್ ತಗೊಂಡಿದ್ದು. ಒಳಗೆ ಎಳೆಯೋ ವೈರು, ಹೊರಗೆ ಸ್ಪ್ರಿಂಗ್ ತರ ಸುತ್ತಿದ ಉಕ್ಕಿನ ಕೊಳವೆ, ಅದರ ಮೇಲೆ ಪ್ಲಾಸ್ಟಿಕ್. ಕೆಲಸ ಎಲ್ಲಾ ಒಳಗಿನ ವೈರೇ ಮಾಡುತ್ತೆ, ಹೊರಗಿನದು ಬರೀ ಕವರ್ ಅಂತ ನಾನು ತುಂಬಾ ದಿನ ಅಂದ್ಕೊಂಡಿದ್ದೆ. ಹಾಗಲ್ಲ. ವೈರ್ ಎಷ್ಟು ಬಲದಲ್ಲಿ ಎಳೆಯುತ್ತೋ ಅಷ್ಟೇ ಬಲದಲ್ಲಿ ಔಟರ್ ಎರಡೂ ತುದಿಯಲ್ಲಿ ಒದ್ದು ನಿಂತಿರ್ಬೇಕು. ಔಟರ್‌ನ ಒಂದು ತುದಿ ಲಿವರ್ ಬ್ರಾಕೆಟ್ಟಲ್ಲಿ, ಇನ್ನೊಂದು ತುದಿ ಲಾಕ್ ಬ್ರಾಕೆಟ್ಟಲ್ಲಿ ಗಟ್ಟಿಯಾಗಿ ಕೂತಿದ್ರೆ ಮಾತ್ರ ಒಳಗಿನ ವೈರ್ ಸರಿಯುತ್ತೆ. ಒಂದು ತುದಿ ಜಾರಿದ್ರೂ ಸಾಕು, ನೀವು ಎಳೆದ ಬಲ ಎಲ್ಲಾ ಕೇಬಲ್‌ನ ಬಾಗು ನೆಟ್ಟಗೆ ಮಾಡೋಕೆ ಖರ್ಚಾಗುತ್ತೆ, ಲಾಕ್ ಇದ್ದಲ್ಲೇ ಇರುತ್ತೆ. ವೈರ್ ಹೊಸದಾಗಿದ್ರೂ ಅಷ್ಟೇ.

ನನಗೆ ಕೆಲಸ ಕಲಿಸ್ತಿದ್ದ ಗ್ಯಾರೇಜ್ ಮೇಸ್ತ್ರಿ ಬಂದ್ರು, ಲಿವರ್ ನೋಡಿದ್ರು, ನನ್ನ ಮುಖ ನೋಡಿದ್ರು, ಬೈಲಿಲ್ಲ. ಲಿವರ್ ಬಿಚ್ಚಿಸಿದ್ರು, ಎರಡೇ ಬೋಲ್ಟು. ವೈರ್ ತುದಿ ಹರಿದು ಔಟರ್ ಒಳಗೆ ಎರಡು ಇಂಚು ಸರಿದು ಹೋಗಿತ್ತು, ಪ್ಲೈಯರ್‌ಗೆ ಸಿಗ್ತಿರಲಿಲ್ಲ. ಆಗ ಔಟರ್‌ನ ಸುತ್ತ ಕಟರ್‌ನಿಂದ ಹುಷಾರಾಗಿ ಗೀರಿ, ಒಳಗಿನ ವೈರ್‌ಗೆ ತಾಗದ ಹಾಗೆ ಸುರುಳಿ ಬಿಡಿಸಿ, ಒಂದು ಗೇಣಷ್ಟು ಔಟರ್ ತೆಗೆದ್ವಿ. ವೈರ್ ಕಾಣ್ತು, ಅದಕ್ಕೆ ವೈಸ್ ಗ್ರಿಪ್ (ಕಚ್ಚಿದ್ರೆ ಹಾಗೇ ಬಿಗಿಯಾಗಿ ನಿಲ್ಲೋ ಪ್ಲೈಯರ್) ಕಚ್ಚಿಸಿದ್ವಿ. ಇಲ್ಲೂ ಅದೇ ಮಾತು: ಬರೀ ವೈರ್ ಎಳೆದ್ರೆ ಔಟರೂ ಜೊತೆಗೆ ಬರುತ್ತೆ, ಆದ್ರಿಂದ ಕಡಿದ ಔಟರ್ ತುದಿಗೆ ಓಪನ್ ಸ್ಪ್ಯಾನರ್‌ನ ಬಾಯಿ ಕೊಟ್ಟು ಒಬ್ಬರು ಮುಂದಕ್ಕೆ ಒತ್ತಿ ಹಿಡ್ಕೊಬೇಕು, ಇನ್ನೊಬ್ಬರು ವೈಸ್ ಗ್ರಿಪ್ ಎಳೀಬೇಕು. ಎಳೆದೆ. ಬರಲಿಲ್ಲ.

ಮೇಸ್ತ್ರಿ ಆಗ ಗಾಡಿ ಮುಂದೆ ಹೋಗಿ ಲಾಗೊ ಇರೋ ಜಾಗದ ಮೇಲೆ ಎರಡೂ ಅಂಗೈ ಇಟ್ಟು ಬಾನೆಟ್‌ನ ಕೆಳಕ್ಕೆ ಒತ್ತಿ ಹಿಡಿದು "ಈಗ ಎಳಿ" ಅಂದ್ರು. ಎಳೆದೆ. "ಟಕ್" ಅಂತು. ಬಾನೆಟ್ ಮುಚ್ಚಿದ್ದಾಗ ಸ್ಪ್ರಿಂಗು, ಅಂಚಿನ ರಬ್ಬರು ಎಲ್ಲಾ ಸೇರಿ ಅದನ್ನ ಮೇಲಕ್ಕೆ ತಳ್ತಾನೇ ಇರುತ್ತೆ, ಆ ತಳ್ಳೋ ಬಲ ಎಲ್ಲಾ ಲಾಕ್‌ನ ನಾಲಿಗೆ, ಅಂದ್ರೆ ಬಾನೆಟ್‌ನ ಕೊಕ್ಕೆಯನ್ನ ಕಚ್ಚಿ ಹಿಡಿಯೋ ತುಂಡಿನ ಮೇಲೆ ಬಿದ್ದಿರುತ್ತೆ. ಮೇಲಿಂದ ಒತ್ತಿದ್ರೆ ಆ ಭಾರ ಹೋಗುತ್ತೆ, ನಾಲಿಗೆ ಹಗುರ ಆಗಿ ಸ್ವಲ್ಪ ಎಳೆದ್ರೂ ಸರಿಯುತ್ತೆ. ಬಾನೆಟ್ ಸಿಕ್ಕಾಕೊಂಡಿದೆ ಅಂತ ಯಾರಾದ್ರೂ ಫೋನ್ ಮಾಡಿದ್ರೆ ನಾನು ಮೊದಲು ಹೇಳೋದು ಇದನ್ನೇ, ಒಬ್ಬರು ಒತ್ತಿ, ಒಬ್ಬರು ಎಳೀರಿ, ತುಂಬಾ ಸಲ ಅಷ್ಟರಲ್ಲೇ ಮುಗಿಯುತ್ತೆ. ಅಂಗೈ ಅಗಲವಾಗಿ ಇಟ್ಟು ಒತ್ತಿ, ಒಂದೇ ಬೆರಳಲ್ಲೋ ಮೊಣಕೈಯಲ್ಲೋ ಒತ್ತಿದ್ರೆ ಶೀಟ್ ಕುಳಿ ಬೀಳುತ್ತೆ.

ಬಾನೆಟ್ ಎತ್ತಿದಾಗ ಕೇಬಲ್ ಯಾಕೆ ಹೋಯ್ತು ಅನ್ನೋದು ಕಣ್ಣೆದುರಿಗೇ ಇತ್ತು. ಲಾಕ್ ಕಪ್ಪಗೆ ಮಣ್ಣು ಮೆತ್ಕೊಂಡು ಕೂತಿತ್ತು. ಯಾವ ಕಾಲದಲ್ಲೋ ಹಚ್ಚಿದ ಗ್ರೀಸು ಧೂಳು ತಿಂದು ತಿಂದು ಮೇಣದ ತರ ಗಟ್ಟಿಯಾಗಿತ್ತು, ನಾಲಿಗೆ ತಿರುಗೋ ಪಿನ್ ಸುತ್ತ ತುಕ್ಕು, ರಿಟರ್ನ್ ಸ್ಪ್ರಿಂಗ್ ಇದ್ರೂ ನಾಲಿಗೆ ವಾಪಸ್ ಬರೋಕೆ ತಡ ಮಾಡ್ತಿತ್ತು. ಸ್ಕ್ರೂಡ್ರೈವರ್‌ನಿಂದ ತಳ್ಳೋಕೇ ಬಲ ಬೇಕಾಯ್ತು. ಅಂದ್ರೆ ಕಂಪ್ಲೇಂಟ್ ಶುರು ಆಗಿದ್ದು ಲಾಕ್‌ನಿಂದ, ಕೇಬಲ್ ಅದರ ಏಟು ತಿಂತು ಅಷ್ಟೇ. ಲಾಕ್ ಬಿಗಿ ಆಗ್ತಾ ಹೋದ ಹಾಗೆ ಮೇಷ್ಟ್ರು ಜಾಸ್ತಿ ಬಲ ಹಾಕಿ ಎಳೆದಿದ್ದಾರೆ, ಲಿವರ್ ಹತ್ರ ವೈರ್ ಬಾಗೋ ಜಾಗದಲ್ಲಿ ಒಂದೊಂದೇ ಎಳೆ ಹರಿದಿದೆ. ಆಮೇಲೆ ಕೇಳಿದಾಗ ಹೇಳಿದ್ರು, "ಹೌದಪ್ಪ, ಒಂದು ವರ್ಷದಿಂದ ಎರಡು ಕೈಯಲ್ಲಿ ಎಳೀತಿದ್ದೆ." ಒಂದು ವರ್ಷ! ಆಗ ಬಂದಿದ್ರೆ ಬ್ರಶ್ಶು, ಸೀಮೆಎಣ್ಣೆ, ಒಂಚೂರು ಗ್ರೀಸಲ್ಲಿ ಮುಗಿದುಹೋಗ್ತಿತ್ತು. ನಾನೇನಾದ್ರೂ ಅವತ್ತು ಬರೀ ಕೇಬಲ್ ಬದಲಾಯಿಸಿ ಕಳಿಸಿದ್ದಿದ್ರೆ ಹೊಸ ಕೇಬಲ್ಲೂ ಅದೇ ಜಾಗದಲ್ಲಿ ಹರಿಯೋಕೆ ಶುರು ಆಗೋದು. ಲಾಕ್ ಕ್ಲೀನ್ ಮಾಡದೆ ಕೇಬಲ್ ಮಾತ್ರ ಹಾಕೋದು ನನ್ನ ಪ್ರಕಾರ ರಿಪೇರಿನೇ ಅಲ್ಲ.

ಲಾಕ್ ಬಿಚ್ಚೋಕೆ ಮುಂಚೆ ಅದು ಕೂತಿದ್ದ ಜಾಗಕ್ಕೆ ಸುತ್ತ ಮಾರ್ಕರ್‌ನಿಂದ ಗೆರೆ ಎಳೆದ್ವಿ, ಯಾಕಂದ್ರೆ ಬೋಲ್ಟ್ ತೂತು ಉದ್ದಕ್ಕಿರುತ್ತೆ, ಸ್ವಲ್ಪ ಆಚೀಚೆ ಕೂರಿಸಿದ್ರೂ ಬಾನೆಟ್‌ನ ಕೊಕ್ಕೆ ಲಾಕ್ ಬಾಯಿಗೆ ಸರಿಯಾಗಿ ಇಳಿಯಲ್ಲ. ಸೀಮೆಎಣ್ಣೆಯಲ್ಲಿ ಹಾಕಿ ಬ್ರಶ್ಶಲ್ಲಿ ತಿಕ್ಕಿ, ಒರೆಸಿ ಒಣಗಿಸಿ, ಪಿನ್‌ಗಳಿಗೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ನಾಲಿಗೆ ತಾನಾಗೇ ಹಾರಿ ವಾಪಸ್ ಬರೋ ತನಕ ಹಿಂದೆ ಮುಂದೆ ಆಡಿಸಿದ್ವಿ. ಆ ಸ್ಪ್ರೇ ಹೊಡೆದು ಅಷ್ಟಕ್ಕೇ ಬಿಡ್ತಾರೆ ಬಹಳ ಜನ. ಅದು ತುಕ್ಕು ಬಿಡಿಸೋಕೆ ಒಳ್ಳೇದು, ಆದ್ರೆ ತೆಳ್ಳಗಿರೋದ್ರಿಂದ ಬೇಗ ಆರಿ ಹೋಗುತ್ತೆ, ಅದರ ಮೇಲೆ ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಹಚ್ಚಲೇಬೇಕು. ತೆಳ್ಳಗೆ ಅಂದ್ರೆ ತೆಳ್ಳಗೇ, ದಪ್ಪ ಮೆತ್ತಿದ್ರೆ ಮತ್ತೆ ಧೂಳು ಹಿಡಿದು ಅದೇ ಕಥೆ.

ಕೇಬಲ್ ಹಾಕೋದ್ರಲ್ಲಿ ಒಂದು ಉಪಾಯ ತುಂಬಾ ಟೈಮ್ ಉಳಿಸುತ್ತೆ. ಹಳೇ ಕೇಬಲ್ ಎಳೆದು ತೆಗೆಯೋಕೆ ಮುಂಚೆ ಅದರ ಬಾಲಕ್ಕೆ ಗಟ್ಟಿ ದಾರ ಕಟ್ಟಿ. ಹಳೇದು ಹೊರಗೆ ಬರ್ತಾ ದಾರ ಅದೇ ದಾರಿಯಲ್ಲಿ ಹಿಂದೆ ಬರುತ್ತೆ, ಆಮೇಲೆ ಹೊಸ ಕೇಬಲ್ ತಲೆಗೆ ಅದೇ ದಾರ ಕಟ್ಟಿ ಎಳ್ಕೊಳ್ಳಿ. ಫೆಂಡರ್ ಒಳಗೆ, ಹೆಡ್‌ಲೈಟ್ ಹಿಂದೆ ಕೇಬಲ್ ಹೋಗೋ ದಾರಿ ಕಣ್ಣಿಗೆ ಕಾಣಲ್ಲ, ಹುಡುಕ್ತಾ ಕೂತ್ರೆ ಅರ್ಧ ದಿನ ಹೋಗುತ್ತೆ. ಬಿಚ್ಚೋಕೆ ಮುಂಚೆ ಪ್ರತಿ ಕ್ಲಿಪ್ಪಿನ ಫೋಟೊ ಫೋನಲ್ಲಿ ತೆಗೆದಿಟ್ಕೊಳ್ಳಿ. ಕೇಬಲ್ ಎಲ್ಲೂ ಚೂಪಾಗಿ ಮಡಿಚಬಾರದು, ಅಗಲವಾಗಿ ಬಾಗಬೇಕು, ಎಕ್ಸಾಸ್ಟ್ ಹತ್ರ ಹೋಗಬಾರದು, ಫ್ಯಾನ್‌ಗಾಗಲಿ ಬೆಲ್ಟ್‌ಗಾಗಲಿ ತಾಗೋ ಹಾಗೆ ಜೋತಾಡಬಾರದು. ಫೈರ್‌ವಾಲಲ್ಲಿ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಕೇಬಲ್ ಒಳಗೆ ಬರೋ ಕಡೆ ತೂತು ಮುಚ್ಚೋ ರಬ್ಬರ್ ಗ್ರೊಮೆಟ್ ಇರುತ್ತಲ್ಲ, ಅದನ್ನ ಸರಿಯಾಗಿ ಕೂರಿಸದೆ ಬಿಟ್ರೆ ಮಳೆ ಬಂದಾಗ ನೀರು ಡ್ರೈವರ್ ಕಾಲ ಹತ್ರ ಬಂದು ಮ್ಯಾಟ್ ಕೆಳಗೆ ನಿಲ್ಲುತ್ತೆ, ಆಮೇಲೆ ಫ್ಲೋರ್ ತುಕ್ಕು ಹಿಡಿಯುತ್ತೆ, ಯಾಕೆ ಅಂತ ಯಾರಿಗೂ ಹೊಳೆಯಲ್ಲ.

ಒಂದು ಮಾತು ನಡುವೆ. ಒರಿಜಿನಲ್ ಕೇಬಲ್ ಸಿಗದ ಹಳೇ ಗಾಡಿಗೆ ಸೈಕಲ್ ಬ್ರೇಕ್ ವೈರ್ ಹಾಕಿ, ತುದಿಗೆ ಸ್ಕ್ರೂ ಬಿಗಿ ಮಾಡೋ ಗುಂಡು ಹಾಕಿ ಓಡಿಸೋದನ್ನ ನಾನೂ ಮಾಡಿದ್ದೀನಿ. ಬ್ರೇಕ್ ವೈರ್ ಸುಮಾರು 1.5 ಮಿಲಿಮೀಟರ್ ದಪ್ಪ ಇರುತ್ತೆ, ಲಾಕ್ ಸಲೀಸಾಗಿದ್ರೆ ಅದು ತಡೆಯುತ್ತೆ. ಆದ್ರೆ ಆ ಸ್ಕ್ರೂ ಇದೆಯಲ್ಲ, ಬಿಗಿ ಮಾಡಿದಷ್ಟೂ ಎಳೆಗಳನ್ನ ಕಡೀತಾ ಹೋಗುತ್ತೆ, ಸಡಿಲ ಬಿಟ್ರೆ ಜಾರುತ್ತೆ. ಸರಿಯಾದ ಕೇಬಲ್ ಬರೋ ತನಕ ಪರವಾಗಿಲ್ಲ, ಅದೇ ಪರ್ಮನೆಂಟ್ ಅಂತ ಗಾಡಿ ಮಾಲೀಕರಿಗೆ ಹೇಳಿ ಕಳಿಸಬೇಡಿ.

ಈಗ ಎರಡನೇ ತಪ್ಪು. ಕೇಬಲ್ ಹಾಕಿ ಆಯ್ತು, ಲಾಕ್ ಕೂರಿಸಿ ಆಯ್ತು. ಮೇಷ್ಟ್ರ ಕೂಲೆಂಟ್ ಕಂಪ್ಲೇಂಟೂ ಸಿಕ್ತು, ರೇಡಿಯೇಟರ್ ಮೇಲಿನ ಹೋಸ್‌ನ ಕ್ಲಾಂಪ್ ಸಡಿಲ ಆಗಿ ಅಲ್ಲಿಂದ ಜಿನುಗ್ತಿತ್ತು, ಕ್ಲಾಂಪ್ ಬದಲಾಯಿಸಿ ಕೂಲೆಂಟ್ ತುಂಬಿ ಇಂಜಿನ್ ಚೆನ್ನಾಗಿ ಬಿಸಿ ಆಗೋ ತನಕ ಓಡಿಸಿ ನೋಡಿದ್ವಿ, ಲೀಕ್ ನಿಂತಿತ್ತು. ನಾನು ಬಾನೆಟ್ ತೆರೆದಿರುವಾಗಲೇ ಲಿವರ್ ಎಳೆದು ಲಾಕ್‌ನ ನಾಲಿಗೆ ಅಲ್ಲಾಡೋದನ್ನ ನೋಡಿದ್ದೆ, ಸೊಗಸಾಗಿ ಅಲ್ಲಾಡ್ತಿತ್ತು. ಅಷ್ಟು ಸಾಕು ಅಂದ್ಕೊಂಡು ಬಾನೆಟ್ ಇಳಿಸಿ ಮುಚ್ಚಿದೆ. ಮೇಷ್ಟ್ರು ಬಂದ್ರು, ತೋರಿಸೋಣ ಅಂತ ಲಿವರ್ ಎಳೆದೆ. ಲಿವರ್ ಬಂತು, ಸ್ವಲ್ಪ ಬಿಗಿ ಇತ್ತು, ಆದ್ರೆ ಟಕ್ ಅನ್ನಲಿಲ್ಲ. ಮತ್ತೆ ಎಳೆದೆ. ಇಲ್ಲ. ಒತ್ತಿಸಿ ಎಳೆದೆ. ಇಲ್ಲ. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು, ಆ ನಿಮಿಷ ಇವತ್ತಿಗೂ ನೆನಪಿದೆ.

ಆಗಿದ್ದು ಇಷ್ಟು. ಲಾಕ್ ಕಡೆ ಔಟರ್ ತುದಿಗೆ ಒಂದು ಪ್ಲಾಸ್ಟಿಕ್ ಟೋಪಿ ಇರುತ್ತೆ, ಅದು ಬ್ರಾಕೆಟ್‌ನ ಸೀಳಿನೊಳಗೆ "ಚಟಕ್" ಅಂತ ಪೂರ್ತಿ ಇಳೀಬೇಕು. ನಾನು ಹಾಕಿದಾಗ ಅದು ಸೀಳಿನ ಬಾಯಲ್ಲೇ ನಿಂತಿತ್ತು. ಬಾನೆಟ್ ತೆರೆದಿದ್ದಾಗ ಲಾಕ್ ಮೇಲೆ ಭಾರ ಇಲ್ಲ, ಎಳೆಯೋಕೆ ಬೇಕಾದ ಬಲ ಕಮ್ಮಿ, ಅಷ್ಟಕ್ಕೆ ಟೋಪಿ ಹೇಗೋ ತಡ್ಕೊಂಡಿತ್ತು. ಬಾನೆಟ್ ಮುಚ್ಚಿದ ಮೇಲೆ ನಾಲಿಗೆ ಮೇಲೆ ಪೂರ್ತಿ ಭಾರ ಬಿತ್ತು, ಎಳೆದ ಮೊದಲ ಸಲಕ್ಕೇ ಟೋಪಿ ಹೊರಗೆ ಬಂತು. ಈ ಸಲ ತೊಂದರೆ ಮುಂದಿನ ತುದಿಯಲ್ಲಿ, ಕ್ಯಾಬಿನ್ ಕಡೆಯಿಂದ ವೈಸ್ ಗ್ರಿಪ್ ಹಾಕಿ ಎಷ್ಟು ಎಳೆದ್ರೂ ಪ್ರಯೋಜನ ಇಲ್ಲ. ಕೆಳಗಿಂದಲೇ ಹೋಗ್ಬೇಕು.

ನಾನು ಗಾಬರಿಯಲ್ಲಿ ಜಾಕ್ ತರೋಕೆ ಓಡಿದೆ. ಮೇಸ್ತ್ರಿ ತಡೆದು "ಇಂಜಿನ್ ಬಿಸಿ ಇದೆ, ಕೀ ತೆಗೆದು ಜೇಬಿಗೆ ಹಾಕ್ಕೊ, ಸುಮ್ನೆ ನಿಂತ್ಕೊ" ಅಂದ್ರು. ಕೀ ತೆಗೆದು ಎರಡು ನಿಮಿಷ ಆಗಿತ್ತೇನೋ, ರೇಡಿಯೇಟರ್ ಫ್ಯಾನ್ ತಾನಾಗೇ "ಗೊಂಯ್" ಅಂತ ತಿರುಗೋಕೆ ಶುರು ಆಯ್ತು. ಎಷ್ಟೋ ಗಾಡಿಗಳಲ್ಲಿ ಕೀ ಆಫ್ ಇದ್ರೂ ಟೆಂಪರೇಚರ್ ಸ್ವಿಚ್‌ನಿಂದ ಫ್ಯಾನ್ ಓಡುತ್ತೆ. ಅಂಥ ಹೊತ್ತಲ್ಲಿ ಕೆಳಗಿಂದ ಕೈ ತೂರಿಸಿದ್ರೆ ಬೆರಳು ಉಳಿಯಲ್ಲ. ಬೇರೆ ಯಾವ ಕೆಲಸಕ್ಕಾದ್ರೂ ಮೊದಲು ಬ್ಯಾಟರಿ ಬಿಚ್ಚಿ ಅಂತೀವಿ, ಇಲ್ಲಿ ಬ್ಯಾಟರಿನೇ ಆ ಮುಚ್ಚಿದ ಬಾನೆಟ್ ಒಳಗಿದೆ, ಬಿಚ್ಚೋಕೆ ದಾರಿ ಇಲ್ಲ. ಆದ್ರಿಂದ ಇಂಜಿನ್ ತಣ್ಣಗಾಗೋ ತನಕ ಕಾಯೋದು ಬಿಟ್ರೆ ಬೇರೆ ಮಾತಿಲ್ಲ. ನಾವು ಪೂರ್ತಿ ಎರಡು ಗಂಟೆ ಕಾದ್ವಿ. ಮೇಷ್ಟ್ರು ಬೆಂಚ್ ಮೇಲೆ ಕೂತಿದ್ರು, ಒಂದು ಮಾತೂ ಆಡಲಿಲ್ಲ.

ಆ ಎರಡು ಗಂಟೆಯಲ್ಲಿ ಮೇಸ್ತ್ರಿ ಇನ್ನೊಂದು ಪಾಠ ಹೇಳಿಕೊಟ್ರು. ಶೆಡ್ಡಲ್ಲಿ ಅದೇ ಮಾಡೆಲ್ ಇನ್ನೊಂದು ಗಾಡಿ ನಿಂತಿತ್ತು, ಅದರ ಬಾನೆಟ್ ತೆಗೆಸಿ, ಲಾಕ್‌ನ ನಾಲಿಗೆ ಎಡಕ್ಕೆ ಸರಿಯುತ್ತಾ ಬಲಕ್ಕಾ, ಕೇಬಲ್ ಯಾವ ಕಡೆ ಎಳೆಯುತ್ತೆ, ಕೆಳಗಿಂದ ಯಾವ ಸಂದಿಯಲ್ಲಿ ಕಾಣುತ್ತೆ ಅಂತ ಎಲ್ಲಾ ನೋಡಿಸಿದ್ರು, ಒಂದು ಕಡ್ಡಿ ತಗೊಂಡು ರೇಡಿಯೇಟರ್ ಚೌಕಟ್ಟಿನ ಅಂಚಿನಿಂದ ನಾಲಿಗೆ ತನಕ ಅಳತೆನೂ ಮಾಡಿಸಿದ್ರು. ಕುರುಡಾಗಿ ತಡಕಾಡೋಕೂ ಎಲ್ಲಿದೆ ಅಂತ ಗೊತ್ತಿದ್ದು ಕೈ ಹಾಕೋಕೂ ಅಜಗಜಾಂತರ. ಅದೇ ಮಾಡೆಲ್ ಹತ್ತಿರ ಇಲ್ಲ ಅಂದ್ರೆ ಅಂಥ ಗಾಡಿ ಇಟ್ಟಿರೋ ಯಾರನ್ನಾದ್ರೂ ಫೋಟೊ ತೆಗೆದು ಕಳಿಸಿ ಅಂತ ಕೇಳಿ.

ತಣ್ಣಗಾದ ಮೇಲೆ ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಜಾಕಲ್ಲಿ ಎತ್ತಿ, ಸ್ಟ್ಯಾಂಡ್ ಮೇಲೆ ಇಳಿಸಿದ್ವಿ. ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಬೇಡಿ, ಎರಡೇ ನಿಮಿಷದ ಕೆಲಸ ಆದ್ರೂ ಹಾಕಬೇಡಿ, ಇದನ್ನ ಕೈ ಮುಗಿದು ಕೇಳ್ಕೊಳ್ತೀನಿ. ಕೆಳಗಿನ ಪ್ಲಾಸ್ಟಿಕ್ ಶೀಲ್ಡ್ ಬಿಚ್ಚಿ, ಉದ್ದ ಸ್ಕ್ರೂಡ್ರೈವರ್‌ನ ತುದಿ ಬಿಟ್ಟು ಉಳಿದದ್ದಕ್ಕೆಲ್ಲಾ ಟೇಪ್ ಸುತ್ತಿ, ಎಸಿ ಕಂಡೆನ್ಸರ್ ಮುಂದೆ ಒಂದು ದಪ್ಪ ರಟ್ಟು ತೂರಿಸಿದ್ವಿ. ಎಸಿ ಗ್ಯಾಸ್ ತಣ್ಣಗೆ ಮಾಡೋ ಈ ಕಂಡೆನ್ಸರ್ ಇರೋದು ರೇಡಿಯೇಟರ್‌ಗಿಂತ ಮುಂದೆ, ಅದರ ಅಲ್ಯೂಮಿನಿಯಂ ತುಂಬಾ ತೆಳ್ಳಗೆ, ಸ್ಕ್ರೂಡ್ರೈವರ್ ಒಂದ್ಸಲ ಜಾರಿದ್ರೆ ತೂತು ಬಿದ್ದು ಗ್ಯಾಸ್ ಪೂರ್ತಿ ಹೋಗುತ್ತೆ, ಬಾನೆಟ್ ಕೇಬಲ್ ಕೆಲಸ ಹೋಗಿ ಎಸಿ ಕೆಲಸ ಆಗುತ್ತೆ. ಕೆಳಗೆ ಮಲಗಿ, ಟಾರ್ಚ್ ಬೆಳಕಲ್ಲಿ ಬಂಪರ್‌ಗೂ ಕಂಡೆನ್ಸರ್‌ಗೂ ನಡುವಿನ ಸಂದಿಯಲ್ಲಿ ನೋಡಿದ್ರೆ ಕಡ್ಡಿಯಲ್ಲಿ ಅಳೆದಿದ್ದ ಎತ್ತರಕ್ಕೇ ನಾಲಿಗೆಯ ಅಂಚು ಕಾಣ್ತು. ಮೇಲೆ ಮೇಸ್ತ್ರಿ ಬಾನೆಟ್ ಒತ್ತಿ ಹಿಡಿದ್ರು, ನಾನು ಪಕ್ಕಕ್ಕೆ ತಳ್ಳಿದೆ. ನಾಲ್ಕನೇ ಸಲಕ್ಕೆ ಟಕ್ ಅಂತು.

ಕೆಲವು ಗಾಡಿಗಳಲ್ಲಿ ಕೆಳಗಿಂದ ದಾರಿನೇ ಇರಲ್ಲ. ಅಂಥದ್ರಲ್ಲಿ ಮುಂದಿನ ಚಕ್ರ ಬಿಚ್ಚಿ, ಅದರ ಮೇಲಿನ ಪ್ಲಾಸ್ಟಿಕ್ ಲೈನರ್ ಸರಿಸಿದ್ರೆ ಕೇಬಲ್ ಸಿಗಬಹುದು, ಕಡಿದಿರೋದು ಕ್ಯಾಬಿನ್ ಕಡೆ ಆಗಿದ್ರೆ ಅಲ್ಲಿಂದಲೇ ವೈರ್ ಎಳೆದು ತೆಗೀಬಹುದು. ಗ್ರಿಲ್ ಸಂದಿಯಿಂದ ಬಗ್ಗಿಸಿದ ದಪ್ಪ ತಂತಿ ಹಾಕಿ ಕೊಕ್ಕೆ ಎಳೆಯೋದೂ ಒಂದು ದಾರಿ. ಎರಡು ಲಾಕ್ ಇರೋ ಗಾಡಿ ಆದ್ರೆ ಎರಡನ್ನೂ ಬಿಡಿಸ್ಬೇಕು, ಒಂದು ಬಿಟ್ಟ ತಕ್ಷಣ ಬಾನೆಟ್ ಎತ್ತೋಕೆ ಹೋದ್ರೆ ಶೀಟ್ ತಿರುಚಿಕೊಳ್ಳುತ್ತೆ. ಗ್ರಿಲ್ ಕತ್ತರಿಸೋದು ಎಲ್ಲಾ ಮುಗಿದ ಮೇಲೆ ಯೋಚನೆ ಮಾಡೋ ವಿಷಯ.

ಬಾನೆಟ್ ತೆರೆದ ಮೇಲೆ ಮೇಸ್ತ್ರಿ ನನ್ನನ್ನ ಪಕ್ಕಕ್ಕೆ ನಿಲ್ಲಿಸಿಕೊಂಡು, ಔಟರ್ ಟೋಪಿಯನ್ನ ಚಟಕ್ ಅಂತ ಕೂರಿಸಿ, ಅದನ್ನ ಕೈಯಲ್ಲಿ ಎಳೆದು ಅಲ್ಲಾಡಿಸಿ ತೋರಿಸಿದ್ರು. ಆಮೇಲೆ ದಪ್ಪ ಸ್ಕ್ರೂಡ್ರೈವರ್‌ನ ಕಂಬಿ ಭಾಗವನ್ನ ಲಾಕ್ ಬಾಯಿಗೆ ಅಡ್ಡ ಇಟ್ಟು ಕೆಳಕ್ಕೆ ಒತ್ತಿದ್ರು, ಬಾನೆಟ್‌ನ ಕೊಕ್ಕೆ ಇಳಿದ್ರೆ ಹೇಗೋ ಹಾಗೇ ಲಾಕ್ ಅದನ್ನ ಕಚ್ಕೊಳ್ತು. ಆಮೇಲೆ ಸ್ಕ್ರೂಡ್ರೈವರ್‌ನ ಎರಡೂ ಕಡೆ ಹಿಡಿದು ಮೇಲಕ್ಕೆ ಜಗ್ಗಿ ಹಿಡಿದು "ಈಗ ಲಿವರ್ ಎಳಿ" ಅಂದ್ರು. ಎಳೆದೆ, ಸ್ಕ್ರೂಡ್ರೈವರ್ ಹಾರಿ ಬಂತು. ಮತ್ತೆ ಕಚ್ಚಿಸಿದ್ರು, ಮತ್ತೆ ಎಳೆಸಿದ್ರು. ಐದು ಸಲ. ಮೇಲಕ್ಕೆ ಜಗ್ಗಿ ಹಿಡಿಯೋದೇ ಇದರಲ್ಲಿ ಮುಖ್ಯ. ಲಾಕ್ ಸುಮ್ನೆ ಖಾಲಿ ಇದ್ದಾಗ ನಾಲಿಗೆ ಅಲ್ಲಾಡೋದನ್ನ ನೋಡಿ ಸಮಾಧಾನ ಪಟ್ಟಿದ್ದಕ್ಕೇ ನಾನು ಸಿಕ್ಕಾಕೊಂಡಿದ್ದು. ಬಾನೆಟ್ ಹಾಕೋ ಭಾರ ನಾವು ಕೈಯಲ್ಲಿ ಹಾಕಿ ನೋಡಿದ್ರೆ ಮಾತ್ರ ಕೇಬಲ್ಲು, ಟೋಪಿ, ಲಿವರ್ ಬ್ರಾಕೆಟ್ ಎಲ್ಲಾ ನಿಜವಾಗಿ ತಡೆಯುತ್ತಾ ಅಂತ ಗೊತ್ತಾಗುತ್ತೆ. ತಡೀಲಿಲ್ಲ ಅಂದ್ರೂ ಬಾನೆಟ್ ತೆರೆದೇ ಇದೆ, ಸ್ಕ್ರೂಡ್ರೈವರ್ ಒಂದೇ ಸಿಕ್ಕಾಕೊಳ್ಳೋದು, ಅದನ್ನ ನಾಲಿಗೆ ಕೈಯಲ್ಲಿ ಸರಿಸಿ ತೆಗೀಬಹುದು.

ಕೇಬಲ್ ಎಷ್ಟು ಬಿಗಿ ಇರ್ಬೇಕು ಅನ್ನೋದಕ್ಕೂ ಇದೇ ಪರೀಕ್ಷೆ. ಲಿವರ್‌ನಲ್ಲಿ ಎರಡ್ಮೂರು ಮಿಲಿಮೀಟರ್ ಲೂಸ್ ಆಟ ಇರ್ಲಿ. ಆಟನೇ ಇಲ್ಲದಷ್ಟು ಎಳೆದು ಕಟ್ಟಿದ್ರೆ ನಾಲಿಗೆ ಪೂರ್ತಿ ವಾಪಸ್ ಬರಲ್ಲ, ಅರ್ಧ ಕಚ್ಚಿರುತ್ತೆ, ಇದು ತೆಗೆಯೋಕೆ ಆಗದೆ ಇರೋದಕ್ಕಿಂತ ಕೆಟ್ಟದ್ದು, ಓಡ್ತಾ ಇರುವಾಗ ಬಾನೆಟ್ ಬಿಟ್ಕೊಳ್ಳುತ್ತೆ.

ಅದಕ್ಕೇ ಎರಡನೇ ಕೊಕ್ಕೆ ಇರೋದು. ಲಿವರ್ ಎಳೆದ ಮೇಲೂ ಬಾನೆಟ್ ಸಂದಿಯಲ್ಲಿ ಬೆರಳು ಹಾಕಿ ಸರಿಸ್ತೀವಲ್ಲ, ಆ ಸೇಫ್ಟಿ ಕೊಕ್ಕೆ. ಮುಂದಿಂದ ತೆರೆಯೋ ಬಾನೆಟ್ ಎದ್ದು ಡ್ರೈವರ್‌ಗೆ ಮುಂದಿನ ರಸ್ತೆ ಮರೆ ಆಗೋ ಹಾಗಿದ್ರೆ ಎರಡನೇ ಹಂತದ ಲಾಕ್ ಇರಲೇಬೇಕು ಅಂತ ಅಮೆರಿಕದ ಫೆಡರಲ್ ಮೋಟಾರು ವಾಹನ ಸುರಕ್ಷತಾ ನಿಯಮ 113 ಹೇಳುತ್ತೆ. ಗಾಡಿ ಸ್ಪೀಡಲ್ಲಿರುವಾಗ ಗಾಳಿ ಬಾನೆಟ್ ಕೆಳಗೆ ನುಗ್ಗಿದ್ರೆ ಅದು ಎದ್ದು ವಿಂಡ್‌ಶೀಲ್ಡ್‌ಗೆ ಅಪ್ಪಳಿಸುತ್ತೆ, ಮುಂದೆ ಏನೂ ಕಾಣಲ್ಲ. ಮೇಷ್ಟ್ರ ಗಾಡಿಯಲ್ಲಿ ಆ ಕೊಕ್ಕೆಯ ಸ್ಪ್ರಿಂಗೂ ತುಕ್ಕು ಹಿಡಿದು ನಿಂತುಬಿಟ್ಟಿತ್ತು, ಅದನ್ನೂ ಬಿಡಿಸಿ ಗ್ರೀಸ್ ಹಚ್ಚಿದ್ವಿ. ಯಾವ ಗಾಡಿಯಲ್ಲಾದ್ರೂ ಸೇಫ್ಟಿ ಕೊಕ್ಕೆ ಕೆಲಸ ಮಾಡ್ತಿಲ್ಲ ಅಂದ್ರೆ ನಾನು ಗಾಡಿ ಹೊರಗೆ ಬಿಡಲ್ಲ, ಮಾಲೀಕರು ಅವಸರ ಮಾಡಿದ್ರೂ ಅಷ್ಟೇ.

ಹಳೇ ಗಾಡಿಗಳಿಗೆ ಈಗ ಇನ್ನೊಂದು ಸಣ್ಣ ಕೆಲಸನೂ ಮಾಡಿ ಕೊಡ್ತೀನಿ, ಮಾಲೀಕರು ಒಪ್ಪಿದ್ರೆ. ಲಾಕ್‌ನ ನಾಲಿಗೆಗೆ ತುಕ್ಕು ಹಿಡಿಯದ ತಂತಿಯ ಒಂದು ಕುಣಿಕೆ ಹಾಕಿ, ಅದರ ಬಾಲವನ್ನ ಕೆಳಗಿನ ಶೀಲ್ಡ್ ಬಿಚ್ಚಿದ್ರೆ ಮಾತ್ರ ಕೈಗೆ ಸಿಗೋ ಜಾಗದಲ್ಲಿ ಸಡಿಲವಾಗಿ ಕಟ್ಟಿಡ್ತೀನಿ. ಹೊರಗಿಂದ ಯಾರಿಗಾದ್ರೂ ಸಿಗೋ ಹಾಗೆ ಬಿಟ್ರೆ ಬ್ಯಾಟರಿ ಕದಿಯೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಫ್ಯಾನ್‌ಗೆ ಸಿಗದ ಹಾಗೆ, ನಾಲಿಗೆಯನ್ನ ಎಳೆದು ಹಿಡಿಯದ ಹಾಗೆ ಇರ್ಬೇಕು.

ಮೇಷ್ಟ್ರು ಗಾಡಿ ತಗೊಂಡು ಹೋಗುವಾಗ ನಾನು ಕ್ಷಮೆ ಕೇಳಿದೆ. ಲಿವರ್ ಒಂದೇ ಬೆರಳಲ್ಲಿ ಎಳೆದು ನೋಡಿ, ಟಕ್ ಅಂದಿದ್ದು ಕೇಳಿ, ಇಳಿದು ಬಂದು ಬಾನೆಟ್ ತಾವೇ ಎತ್ತಿ, ಒಂದು ಗೇಣು ಎತ್ತರದಿಂದ ಬಿಟ್ಟು ಮುಚ್ಚಿದ್ರು. "ಇಷ್ಟು ಹಗುರ ಇರ್ಬೇಕು ಅಂತ ನನಗೆ ಮರೆತೇ ಹೋಗಿತ್ತು ಕಣಪ್ಪ" ಅಂದ್ರು.

ಈಗ ನನ್ನ ಜೊತೆ ಒಬ್ಬ ಹುಡುಗ ಕೆಲಸ ಕಲೀತಿದ್ದಾನೆ. ಬಾನೆಟ್ ಲಾಕ್‌ಗೆ ಕೈ ಹಾಕಿದ ಗಾಡಿ ಯಾವುದೇ ಇರ್ಲಿ, ಮುಚ್ಚೋ ಹೊತ್ತಿಗೆ ಅವನೇ ಹೋಗಿ ಡ್ರೈವರ್ ಸೀಟಲ್ಲಿ ಕೂತ್ಕೊಂಡು "ಎಳೀಲಾ ಅಣ್ಣ?" ಅಂತ ಕೂಗ್ತಾನೆ, ನಾನು ಸ್ಕ್ರೂಡ್ರೈವರ್ ಕಚ್ಚಿಸಿ ಮೇಲಕ್ಕೆ ಜಗ್ಗಿ ಹಿಡ್ಕೊಂಡು "ಎಳಿ" ಅಂತೀನಿ.